ಐದು ದಿನದಲ್ಲಿ ಕಿಲಿಮಂಜಾರೊ ಹತ್ತಬಹುದಾ?

ಎರಡು ಸಂಚಿಕೆಯ ಹಿಂದೆ ಇದೇ ಅಂಕಣದಲ್ಲಿ ತಾಂಜಾನಿಯದ ಕಿಲಿಮಂಜಾರೊ ಬಗ್ಗೆ ನಾಲ್ಕು ಸಾಲು ಬರೆದಿದ್ದೆ. ಹಗ್ಗ, ಗೂಟ, ಹಿಮಕೊಡಲಿ ಏನೂ ಬೇಡ, ನಡೆದೇ ಹತ್ತಬಹುದಾದ 5,895 ಮೀಟರ್ ಎತ್ತರದ ಬೆಟ್ಟ ಅಂತ. ಓದಿದವರೆಲ್ಲ "ನಡೆದೇ" ಅನ್ನುವ ಒಂದು ಪದ ಹಿಡಿದುಕೊಂಡಿದ್ದಾರೆ. 5,895 ಅನ್ನುವ ಅಂಕಿ ಯಾರ ಕಣ್ಣಿಗೂ ಬಿದ್ದಂತಿಲ್ಲ. ಬರೆದದ್ದು ನಾನೇ, ಆದ್ದರಿಂದ ಈ ಸಲದ ಪೂರ್ತಿ ಜಾಗ ಆ ಪತ್ರಗಳಿಗೇ.

*ನನಗೆ 34 ವರ್ಷ. ವಾರಕ್ಕೆ ಮೂರು ದಿನ ಹತ್ತು ಕಿಲೋಮೀಟರ್ ಓಡುತ್ತೇನೆ. ಕುಮಾರಪರ್ವತ ಒಂದೇ ದಿನದಲ್ಲಿ ಹತ್ತಿ ಇಳಿದಿದ್ದೇನೆ. ರಜೆ ಕಡಿಮೆ ಇದೆ. ಮರಂಗು ದಾರಿಯಲ್ಲಿ ಐದು ದಿನದ ಪ್ಯಾಕೇಜ್ ಅಗ್ಗಕ್ಕೆ ಸಿಗುತ್ತಿದೆ. ನನ್ನಂಥವನಿಗೆ ಸಾಕಲ್ವಾ ಸಾರ್?*
— ಓದುಗ, ಶಿವಮೊಗ್ಗ

ಕಾಲಿಗೆ ಸಾಕು. ಗುಂಡಿಗೆಗೂ ಸಾಕು. ಸಾಲದೇ ಇರುವುದು ದಿನ.

ಕುಮಾರಪರ್ವತ 1,712 ಮೀಟರ್. ನಮ್ಮ ರಾಜ್ಯಕ್ಕೆಲ್ಲ ಎತ್ತರದ್ದು ಅಂದರೆ ಮುಳ್ಳಯ್ಯನಗಿರಿ, ಅದೂ 1,930ರ ಆಸುಪಾಸು. ಮರಂಗು ದಾರಿಯಲ್ಲಿ ಮೊದಲ ರಾತ್ರಿ ಮಲಗುವ ಮಂದಾರಾ ಹಟ್ ಇರುವುದೇ 2,720 ಮೀಟರಿನಲ್ಲಿ. ನೀವು ಇಲ್ಲಿ ಹತ್ತಿದ ಬೆಟ್ಟಗಳು ನಿಮ್ಮ ಕಾಲಿನ ಬಗ್ಗೆ ಬೇಕಾದಷ್ಟು ಹೇಳಿವೆ, ಎತ್ತರದಲ್ಲಿ ನಿಮ್ಮ ಮೈ ಹೇಗೆ ನಡೆದುಕೊಳ್ಳುತ್ತದೆ ಅನ್ನುವುದರ ಬಗ್ಗೆ ಒಂದಕ್ಷರವನ್ನೂ ಹೇಳಿಲ್ಲ.

ಮೇಲೆ ಹೋದಂತೆ ಗಾಳಿಯಲ್ಲಿ ಆಮ್ಲಜನಕದ ಪಾಲು ಕಡಿಮೆಯಾಗುತ್ತದೆ ಅಂತ ತುಂಬ ಜನ ಅಂದುಕೊಂಡಿದ್ದಾರೆ. ಪಾಲು ಅಷ್ಟೇ ಇರುತ್ತದೆ, ಶೇ. 21. ಇಳಿಯುವುದು ಗಾಳಿಯ ಒತ್ತಡ. ಕಿಲಿಮಂಜಾರೊ ತುದಿಯಲ್ಲಿ ಅದು ಸಮುದ್ರ ಮಟ್ಟದ ಹೆಚ್ಚುಕಡಿಮೆ ಅರ್ಧ. ಇಲ್ಲಿ ಒಂದು ಉಸಿರಿನಲ್ಲಿ ಸಿಗುವುದಕ್ಕೆ ಅಲ್ಲಿ ಎರಡು ಉಸಿರು ಬೇಕು ಅಂದುಕೊಳ್ಳಿ. ಮೈ ಇದಕ್ಕೆ ಹೊಂದಿಕೊಳ್ಳುತ್ತದೆ, ಆದರೆ ತನ್ನ ವೇಗದಲ್ಲಿ. ಮೊದಲು ಉಸಿರು ಜೋರಾಗುತ್ತದೆ. ಜೋರಾದಾಗ ಇಂಗಾಲದ ಡೈಆಕ್ಸೈಡ್ ಜಾಸ್ತಿ ಹೊರಗೆ ಹೋಗಿ ರಕ್ತ ಕ್ಷಾರದ ಕಡೆಗೆ ವಾಲುತ್ತದೆ, ಅದನ್ನು ಕಂಡ ಮಿದುಳು "ಸಾಕು, ನಿಧಾನ" ಅಂತ ಉಸಿರಿಗೆ ಬ್ರೇಕ್ ಹಾಕುತ್ತದೆ. ಕಿಡ್ನಿ ಆ ಕ್ಷಾರವನ್ನು ಸ್ವಲ್ಪ ಸ್ವಲ್ಪವೇ ಮೂತ್ರದಲ್ಲಿ ಕಳಿಸಿದ ಮೇಲೆಯೇ ಬ್ರೇಕ್ ಸಡಿಲವಾಗುವುದು. ಇದಕ್ಕೆ ಕೆಲವು ದಿನ ಹಿಡಿಯುತ್ತದೆ. ಹೊಸ ರಕ್ತಕಣಗಳು ತಯಾರಾಗಿ ನೆರವಿಗೆ ಬರಲು ವಾರಗಳೇ ಬೇಕು, ಅಷ್ಟರಲ್ಲಿ ನೀವು ವಾಪಸ್ ಶಿವಮೊಗ್ಗದಲ್ಲಿ ಆಫೀಸಿಗೆ ಹೋಗುತ್ತಿರುತ್ತೀರಿ.

ಮೈ ಹೊಂದಿಕೊಳ್ಳುವ ಮೊದಲೇ ಮೇಲೇರಿದರೆ ತಲೆನೋವು, ವಾಕರಿಕೆ, ಸುಸ್ತು ಬರುತ್ತವಲ್ಲ, ಆ ಎತ್ತರದ ಕಾಯಿಲೆ ಬಲ್ಲ ಡಾಕ್ಟರುಗಳ ಲೆಕ್ಕ ಸರಳ. 3,000 ಮೀಟರ್ ದಾಟಿದ ಮೇಲೆ ಮಲಗುವ ಜಾಗ ದಿನಕ್ಕೆ 500 ಮೀಟರಿಗಿಂತ ಜಾಸ್ತಿ ಏರಬಾರದು, ಮೂರು ನಾಲ್ಕು ದಿನಕ್ಕೊಮ್ಮೆ ಅದೇ ಎತ್ತರದಲ್ಲಿ ಇನ್ನೊಂದು ರಾತ್ರಿ ಕಳೆಯಬೇಕು. ಈಗ ನಿಮ್ಮ ಪ್ಯಾಕೇಜ್ ನೋಡಿ. ಮೊದಲ ರಾತ್ರಿ 2,720. ಎರಡನೇ ರಾತ್ರಿ ಹೊರೊಂಬೊದಲ್ಲಿ, 3,720. ಮೂರನೇ ದಿನ ಕಿಬೊ ಹಟ್, 4,720ರ ಹತ್ತಿರ. ಅಲ್ಲಿ ರಾತ್ರಿ ಅನ್ನುವುದು ಹೆಸರಿಗೆ ಮಾತ್ರ, ಊಟ ಮುಗಿಸಿ ನಾಲ್ಕು ಗಂಟೆ ಹೊರಳಾಡಿದರೆ ನಡುರಾತ್ರಿ ಎಬ್ಬಿಸಿ ತುದಿಗೆ ಹೊರಡಿಸುತ್ತಾರೆ. ದಿನಕ್ಕೆ 500 ಅಂದ ಕಡೆ ಸಾವಿರ ಸಾವಿರ. ಅಗ್ಗ ಯಾಕೆ ಅಂತ ಕೇಳಿದರೆ ಉತ್ತರ ಇದೇ. ಪಾರ್ಕಿನ ಶುಲ್ಕ ದಿನದ ಲೆಕ್ಕದಲ್ಲಿ ಬೀಳುತ್ತದೆ, ರಾತ್ರಿ ತಂಗುವುದೂ ಸೇರಿದರೆ ಒಂದು ದಿನಕ್ಕೇ 100 ಡಾಲರ್ ದಾಟುತ್ತದೆ. ದಿನ ಕತ್ತರಿಸಿದರೆ ದುಡ್ಡು ಉಳಿಯುತ್ತದೆ, ಉಳಿಯುವುದು ಅಷ್ಟೇ.

ಓಡುವವರಿಗೆ ಇನ್ನೊಂದು ಕಷ್ಟ ಇದೆ. ಫಿಟ್ ಆಗಿದ್ದರೆ ಎತ್ತರದ ಕಾಯಿಲೆ ಬರುವುದಿಲ್ಲ ಅನ್ನುವುದು ಸುಳ್ಳು. ಕಾಲಲ್ಲಿ ಕಸುವು ಇರುವುದರಿಂದ ಬೇಗ ಬೇಗ ಹತ್ತಿಬಿಡುತ್ತೀರಿ, ಮೈ ಹಿಂದೆ ಉಳಿದಿರುತ್ತದೆ. ಅಲ್ಲಿನ ಗೈಡುಗಳು ಬೆಳಗಿನಿಂದ ಸಂಜೆಯವರೆಗೆ "ಪೋಲೆ ಪೋಲೆ" ಅಂತ ಹೇಳುತ್ತಲೇ ಇರುತ್ತಾರೆ. ನಮ್ಮ ಕಿವಿಗೆ ಯಾರನ್ನೋ ಪೋಲಿ ಅಂತ ಬೈದ ಹಾಗೆ ಕೇಳುತ್ತದೆ, ಸ್ವಾಹಿಲಿಯಲ್ಲಿ ಅದರ ಅರ್ಥ ನಿಧಾನ, ನಿಧಾನ. ದೇವರ ಉತ್ಸವದಲ್ಲಿ ಪಲ್ಲಕ್ಕಿ ಹಿಂದೆ ನಡೆಯುತ್ತೇವಲ್ಲ, ಆ ವೇಗ. ಪಕ್ಕದವರ ಜೊತೆ ಮಾತಾಡಲು ಆಗುತ್ತಿಲ್ಲ ಅಂದರೆ ಜೋರಾಗಿ ಹೋಗುತ್ತಿದ್ದೀರಿ ಅಂತಲೇ ಅರ್ಥ.

ಮರಂಗುವೇ ಬೇಕು ಅಂದರೆ ಆರು ದಿನ ಮಾಡಿ, ಹೊರೊಂಬೊದಲ್ಲಿ ಎರಡು ರಾತ್ರಿ. ಇನ್ನೂ ಒಳ್ಳೆಯದು ಅಂದರೆ ಮಚಾಮೆ ದಾರಿಯಲ್ಲಿ ಏಳು ದಿನ ಅಥವಾ ಲೆಮೋಶೊ ದಾರಿಯಲ್ಲಿ ಎಂಟು. ಈ ಎರಡೂ ದಾರಿಯಲ್ಲಿ ಒಂದು ದಿನ ಲಾವಾ ಟವರ್ ಅನ್ನುವ ಕಪ್ಪು ಬಂಡೆಯವರೆಗೆ, ಅಂದರೆ 4,600 ಮೀಟರಿನ ಮೇಲಕ್ಕೆ ಹತ್ತಿಸಿ, ಸಂಜೆಗೆ ಬರ್ರಾಂಕೊ ಕ್ಯಾಂಪಿಗೆ ಇಳಿಸಿ 3,960ರ ಹತ್ತಿರ ಮಲಗಿಸುತ್ತಾರೆ. ಇಷ್ಟು ಕಷ್ಟಪಟ್ಟು ಹತ್ತಿದ್ದನ್ನು ಮತ್ತೆ ಇಳಿಯುವುದಾ ಅಂತ ನಾನೂ ಗೊಣಗಿದ್ದೆ. ಮಾರನೇ ಬೆಳಗ್ಗೆ ತಲೆನೋವು ಇಲ್ಲದೆ ಎದ್ದಾಗ ಗೊಣಗಾಟ ನಿಂತಿತು. ಶೂ, ಜಾಕೆಟ್ ಬೆಟ್ಟದ ಬುಡದ ಮೋಶಿ ಊರಿನಲ್ಲಿ ಬಾಡಿಗೆಗೂ ಸಿಗುತ್ತವೆ. ದಿನ ಮಾತ್ರ ದುಡ್ಡು ಕೊಟ್ಟು ಮೊದಲೇ ಕೊಳ್ಳಬೇಕು.

*ಡಯಾಮಾಕ್ಸ್ ಮಾತ್ರೆ ತಗೊಂಡರೆ ಏನೂ ಆಗುವುದಿಲ್ಲ ಅಂತಾರೆ, ನಿಜವಾ? ಕರ್ಪೂರ ಮೂಸಿದರೆ ಸಾಕು ಅಂತ ಅಮರನಾಥಕ್ಕೆ ಹೋಗಿಬಂದ ನಮ್ಮ ಮಾವ ಹೇಳುತ್ತಾರೆ.*
— ಓದುಗಿ, ಮೈಸೂರು

ಮಾವನವರಿಗೆ ಬೇಜಾರು ಮಾಡಬೇಡಿ, ಕರ್ಪೂರದ ಡಬ್ಬಿ ಜೇಬಿನಲ್ಲಿ ಇಟ್ಟುಕೊಳ್ಳಿ. ಮೂಗು ಬಿಚ್ಚಿದ ಹಾಗೆ ಅನ್ನಿಸುತ್ತದೆ, ಮನಸ್ಸಿಗೆ ಹಿತ. ರಕ್ತದಲ್ಲಿ ಆಮ್ಲಜನಕ ಮಾತ್ರ ಅದರಿಂದ ಏರುವುದಿಲ್ಲ.

ಡಯಾಮಾಕ್ಸ್, ಅಂದರೆ ಅಸೆಟಜೋಲಮೈಡ್, ನಿಜಕ್ಕೂ ಕೆಲಸ ಮಾಡುತ್ತದೆ. ಮೇಲೆ ಕಿಡ್ನಿಯ ವಿಷಯ ಹೇಳಿದೆನಲ್ಲ, ಅದೇ ಕೆಲಸವನ್ನು ಇದು ಬೇಗ ಮಾಡಿಸುತ್ತದೆ. ಸಾಮಾನ್ಯವಾಗಿ ಹತ್ತುವ ಹಿಂದಿನ ದಿನದಿಂದ 125 ಮಿಲಿಗ್ರಾಂ ದಿನಕ್ಕೆ ಎರಡು ಸಲ ಅಂತ ಬರೆದುಕೊಡುತ್ತಾರೆ. ನಿಮಗೆ ಎಷ್ಟು, ಬೇಕೋ ಬೇಡವೋ ಅನ್ನುವುದನ್ನು ನಿಮ್ಮ ಡಾಕ್ಟರೇ ಹೇಳಬೇಕು, ಸಲ್ಫಾ ಔಷಧಿ ಆಗಿಬರದವರಂತೂ ಕೇಳದೆ ಮುಟ್ಟಲೇಬಾರದು. ಊರಿನಲ್ಲೇ ಎರಡು ದಿನ ತಗೊಂಡು ನೋಡಿ. ಬೆರಳ ತುದಿ ಜುಮುಜುಮು ಅನ್ನುತ್ತದೆ, ಪದೇ ಪದೇ ಮೂತ್ರಕ್ಕೆ ಹೋಗಬೇಕಾಗುತ್ತದೆ, ಸೋಡಾ ಕುಡಿದರೆ ಸಪ್ಪೆ ಅನ್ನಿಸುತ್ತದೆ. ಮೊದಲೇ ಗೊತ್ತಿದ್ದರೆ ಬೆಟ್ಟದ ಮೇಲೆ ಹೆದರಿಕೆಯಾಗುವುದಿಲ್ಲ.

ಆದರೆ "ಏನೂ ಆಗುವುದಿಲ್ಲ" ಅನ್ನುವುದನ್ನು ಬಿಟ್ಟುಬಿಡಿ. ಮಾತ್ರೆ ತಗೊಂಡೂ ಕಾಯಿಲೆ ಬಿದ್ದವರಿದ್ದಾರೆ. ಐದು ದಿನದ ತಪ್ಪನ್ನು ಮಾತ್ರೆಯಿಂದ ಮುಚ್ಚಲು ಹೋಗಬೇಡಿ. ನಿದ್ದೆ ಮಾತ್ರೆ, ಮದ್ಯ ಎರಡೂ ಬೇಡ, ಎರಡೂ ಉಸಿರನ್ನು ಇನ್ನಷ್ಟು ಮಂದ ಮಾಡುತ್ತವೆ.

*ಕೋವಿಡ್ ಕಾಲದಲ್ಲಿ ಆಕ್ಸಿಮೀಟರ್ 94ಕ್ಕಿಂತ ಕೆಳಗೆ ತೋರಿಸಿದರೆ ಆಸ್ಪತ್ರೆಗೆ ಓಡಿ ಅಂದಿದ್ದರು. ಬೆಟ್ಟದ ಮೇಲೆ ನನ್ನ ಗೆಳತಿಗೆ 79 ತೋರಿಸಿತಂತೆ, ಗೈಡ್ ನಕ್ಕು "ಚೆನ್ನಾಗಿದೆ" ಅಂದನಂತೆ!*
— ಓದುಗಿ, ತುಮಕೂರು

ಗೈಡ್ ಹೇಳಿದ್ದು ಸರಿ. 94ರ ಲೆಕ್ಕ ನಮ್ಮ ಊರಿನ ಎತ್ತರಕ್ಕೆ. 4,700 ಮೀಟರಿನಲ್ಲಿ ಆರಾಮಾಗಿ ಓಡಾಡಿಕೊಂಡಿರುವವರಿಗೂ 80ರ ಆಸುಪಾಸು ತೋರಿಸುತ್ತದೆ. ಬೆರಳು ತಣ್ಣಗಿದ್ದರೆ ಯಂತ್ರ ಇನ್ನೂ ಏನೇನೋ ಹೇಳುತ್ತದೆ, ಮೊದಲು ಕೈ ಉಜ್ಜಿ ಬೆಚ್ಚಗೆ ಮಾಡಿಕೊಳ್ಳಬೇಕು. ಅಂಕಿ ನೋಡುವುದಕ್ಕಿಂತ ಆಳನ್ನು ನೋಡುವುದು ಮುಖ್ಯ. ಊಟ ಸೇರುತ್ತಿದೆಯಾ, ಮಾತು ನೆಟ್ಟಗಿದೆಯಾ, ಕೂತಾಗ ಏದುಸಿರು ಇಲ್ಲವಾ? ಜೊತೆಯವರೆಲ್ಲ 82 ಇರುವಾಗ ಒಬ್ಬರದು ಮಾತ್ರ 65 ಇದ್ದರೆ ಅದು ಬೇರೆ ಮಾತು.

ರಾತ್ರಿ ಟೆಂಟಿನಲ್ಲಿ ಪಕ್ಕದವರ ಉಸಿರು ಹತ್ತಾರು ಸೆಕೆಂಡ್ ನಿಂತು ಆಮೇಲೆ ಗಬಕ್ ಅಂತ ಶುರುವಾದರೂ ಗಾಬರಿಯಾಗಬೇಡಿ. ಎತ್ತರದಲ್ಲಿ ಅದು ಮಾಮೂಲು. ಕೇಳಿಸಿಕೊಂಡವರಿಗೆ ನಿದ್ದೆ ಬರುವುದಿಲ್ಲ ಅಷ್ಟೇ.

*ನಾನು ನಿವೃತ್ತ ಶಿಕ್ಷಕಿ, 61 ವರ್ಷ. ಬಿ.ಪಿ. ಮಾತ್ರೆ ತಗೋತೀನಿ. ಮಗಳು ದಾರ್ ಎಸ್ ಸಲಾಮಿನಲ್ಲಿದ್ದಾಳೆ, ಬಾ ಅಮ್ಮಾ ಬೆಟ್ಟ ಹತ್ತೋಣ ಅಂತಾಳೆ. ನಗಬೇಡ್ರಿ, ಹತ್ತಬಹುದೇನ್ರಿ?*
— ಓದುಗಿ, ಧಾರವಾಡ

ಅಕ್ಕೋರೇ, ನಗಲಿಲ್ಲ. ಈ ಸಲದ ಪತ್ರಗಳಲ್ಲಿ ಹತ್ತುವ ಸಾಧ್ಯತೆ ಚೆನ್ನಾಗಿ ಕಾಣುತ್ತಿರುವುದು ನಿಮ್ಮದೇ, ಯಾಕೆಂದರೆ ನೀವು ಹೇಗೂ ಓಡುವುದಿಲ್ಲ. ವಯಸ್ಸು ಅಂತ ಒಂದೇ ಕಾರಣಕ್ಕೆ ಎತ್ತರದ ಕಾಯಿಲೆ ಜಾಸ್ತಿ ಬರುವುದಿಲ್ಲ. ಬಿ.ಪಿ. ಹತೋಟಿಯಲ್ಲಿದ್ದರೆ ಅದೂ ಅಡ್ಡಿಯಲ್ಲ, ಆದರೆ ಹೃದಯದ ಪರೀಕ್ಷೆ ಮಾಡಿಸಿಕೊಂಡು, ಈಗಿನ ಮಾತ್ರೆಯ ಜೊತೆ ಡಯಾಮಾಕ್ಸ್ ಹೊಂದುತ್ತದಾ ಅಂತ ಡಾಕ್ಟರನ್ನು ಕೇಳಿ. ಬಿ.ಪಿ.ಗೆ ಕೊಡುವ ಕೆಲವು ಮಾತ್ರೆಗಳೂ ಮೂತ್ರ ಜಾಸ್ತಿ ಮಾಡಿಸುವಂಥವೇ.

ನಿಮ್ಮ ಕಷ್ಟ ಇರುವುದು ಮಂಡಿಯಲ್ಲಿ. ತುದಿ ಮುಟ್ಟಿದ ದಿನವೇ ಮ್ವೆಕಾ ಕ್ಯಾಂಪಿನವರೆಗೆ ಇಳಿಸುತ್ತಾರೆ, ಅದು 3,100ರ ಹತ್ತಿರ. ರಾತ್ರಿಯೆಲ್ಲ ಹತ್ತಿದ ಕಾಲಿನಲ್ಲಿ ಸುಮಾರು 2,800 ಮೀಟರ್ ಇಳಿಜಾರು! ಅದಕ್ಕೆ ಈಗಿನಿಂದಲೇ ಇಳಿಯುವ ಅಭ್ಯಾಸ ಮಾಡಿ. ಹುಬ್ಬಳ್ಳಿಯ ನೃಪತುಂಗ ಬೆಟ್ಟ ಹತ್ತಿರವೇ ಇದೆ, ಬೆನ್ನಿಗೆ ಐದು ಕೆ.ಜಿ. ಚೀಲ ಹಾಕಿಕೊಂಡು ಹತ್ತಿ ಇಳಿಯಿರಿ, ನೋಡಿದವರು ಏನಾದರೂ ಅಂದುಕೊಳ್ಳಲಿ. ಎರಡು ಊರುಗೋಲು ಒಯ್ಯಿರಿ. ಎಂಟು ದಿನಕ್ಕಿಂತ ಕಡಿಮೆ ಬೇಡ. ಮಗಳಿಗೂ ಒಂದು ಮಾತು ಹೇಳಿ, ಅವಳೂ ಸಮುದ್ರದ ದಂಡೆಯ ಊರಿನಲ್ಲಿದ್ದಾಳೆ, ಎತ್ತರದ ವಿಷಯದಲ್ಲಿ ನಿಮ್ಮಿಬ್ಬರದೂ ಒಂದೇ ಕ್ಲಾಸು.

*ಕಿಲಿಮಂಜಾರೊ ಜ್ವಾಲಾಮುಖಿ ಅಂತ ಓದಿದ್ದೇನೆ. ಹತ್ತುವಾಗ ಸಿಡಿದರೆ? ಜ್ವಾಲಾಮುಖಿ ಬೆಟ್ಟ ಹತ್ತುವುದಕ್ಕೂ ಬೇರೆ ಬೆಟ್ಟಕ್ಕೂ ಏನು ವ್ಯತ್ಯಾಸ?*
— ಪಿಯುಸಿ ವಿದ್ಯಾರ್ಥಿ, ವಿಜಯಪುರ

ಒಳ್ಳೆಯ ಪ್ರಶ್ನೆ ಮರಿ. ಅದು ಒಂದು ಬೆಟ್ಟ ಅಲ್ಲ, ಮೂರು ಜ್ವಾಲಾಮುಖಿ ಒಂದರ ಮಗ್ಗುಲಲ್ಲಿ ಒಂದು ಬೆಳೆದದ್ದು. ಎಲ್ಲಕ್ಕಿಂತ ಹಳೆಯದು ಶಿರಾ, ಸುಮಾರು 25 ಲಕ್ಷ ವರ್ಷದ್ದು, ಕುಸಿದು ಈಗ ಬಯಲಿನ ಹಾಗಾಗಿದೆ. ನಮ್ಮ ತುಮಕೂರಿನ ಶಿರಾಗೂ ಅದಕ್ಕೂ ಸಂಬಂಧ ಇಲ್ಲ! ಎರಡನೆಯದು ಮವೆಂಜಿ, 5,149 ಮೀಟರ್, ಮುರಿದ ಹಲ್ಲಿನ ಸಾಲಿನಂತೆ ಕಾಣುತ್ತದೆ, ಅದನ್ನು ಹತ್ತಲು ನಿಜಕ್ಕೂ ಹಗ್ಗ ಬೇಕು. ಇವೆರಡೂ ಸತ್ತಿವೆ. ನಾವು ಹತ್ತುವುದು ಮೂರನೆಯ ಕಿಬೊವನ್ನು. ಅದು ಸತ್ತಿಲ್ಲ, ಮಲಗಿದೆ. ಕೊನೆಯ ಸಲ ದೊಡ್ಡದಾಗಿ ಸಿಡಿದು ಲಕ್ಷ ವರ್ಷಕ್ಕೂ ಮೇಲಾಗಿದೆ. ತುದಿಯ ಬಾಯಿಯೊಳಗೆ ಬೂದಿಯ ಗುಂಡಿ ಒಂದಿದೆ, ಅದರ ಸುತ್ತ ಇವತ್ತಿಗೂ ಗಂಧಕದ ವಾಸನೆಯ ಆವಿ ಬರುತ್ತದೆ. ನೀನು ಹತ್ತುವ ವಾರವೇ ಅದು ಏಳುತ್ತದೆ ಅಂತ ಹೆದರಬೇಕಾಗಿಲ್ಲ.

ವ್ಯತ್ಯಾಸ ಗೊತ್ತಾಗುವುದು ಕಾಲಿಗೆ. ಕೊನೆಯ ಏರು ಪೂರ್ತಿ ಸಡಿಲ ಜಲ್ಲಿ, ಬೂದಿ, ಮರಳು. ಒಂದು ಹೆಜ್ಜೆ ಇಟ್ಟರೆ ಅರ್ಧ ಹೆಜ್ಜೆ ಹಿಂದೆ ಜಾರುತ್ತದೆ. ಅದಕ್ಕೇ ನಡುರಾತ್ರಿ ಹೊರಡುವುದು, ಚಳಿಗೆ ಜಲ್ಲಿ ಹೆಪ್ಪುಗಟ್ಟಿ ಕಾಲಿಗೆ ಹಿಡಿತ ಸಿಗುತ್ತದೆ, ಸೂರ್ಯ ಹುಟ್ಟುವ ಹೊತ್ತಿಗೆ ಮೇಲಿರಬಹುದು. ಆ ಹೊತ್ತಿನ ಚಳಿ ಸೊನ್ನೆಗಿಂತ 10, 15 ಡಿಗ್ರಿ ಕೆಳಗೆ, ಗಾಳಿ ಬೇರೆ. ಬೆನ್ನಚೀಲದಿಂದ ನೀರು ಕುಡಿಯುವ ಕೊಳವೆ ಹೆಪ್ಪುಗಟ್ಟುತ್ತದೆ, ಫೋನಿನ ಬ್ಯಾಟರಿ ಸತ್ತುಹೋಗುತ್ತದೆ, ಎರಡನ್ನೂ ಜಾಕೆಟ್ಟಿನ ಒಳಗೆ ಇಟ್ಟುಕೊಳ್ಳಬೇಕು. ಇಳಿಯುವಾಗ ಅದೇ ಜಲ್ಲಿ ಕರಗಿ ಧೂಳು ಧೂಳು, ಬಾಯಿಗೆ ಬಟ್ಟೆ ಕಟ್ಟಿಕೊಳ್ಳದಿದ್ದರೆ ವಾರ ಕೆಮ್ಮುತ್ತೀಯ.

ನೀನು ವಿಜಯಪುರದವನಲ್ವಾ, ಗೋಳಗುಮ್ಮಟದ ಕಪ್ಪು ಕಲ್ಲು ಮುಟ್ಟಿ ನೋಡು. ಅದೂ ಲಾವಾ ಆರಿ ಆದ ಕಲ್ಲೇ. ಆದರೆ ದಖ್ಖನಿನ ಲಾವಾ ಸುಮಾರು 6.6 ಕೋಟಿ ವರ್ಷದ ಹಿಂದೆ ನೆಲದ ಬಿರುಕಿನಿಂದ ಉಕ್ಕಿ ದೋಸೆ ಹಿಟ್ಟಿನ ಹಾಗೆ ಹರಡಿಕೊಂಡಿತು, ಪದರದ ಮೇಲೆ ಪದರ. ಕಿಲಿಮಂಜಾರೊದಲ್ಲಿ ಒಂದೇ ಜಾಗದಲ್ಲಿ ಗುಡ್ಡೆ ಬಿದ್ದಿತು. ಅದಕ್ಕೇ ಅಲ್ಲಿ ಬೆಟ್ಟ, ಇಲ್ಲಿ ಬಯಲು.

*ನಾವು ಶುದ್ಧ ಸಸ್ಯಾಹಾರಿಗಳು. ಏನು ತಿನ್ನುವುದು? ಟಿಪ್ಸ್ ಅಂತ ಬೇರೆ ಕೇಳುತ್ತಾರಂತೆ, ಕೊಡಲೇಬೇಕಾ?*
— ಓದುಗ ದಂಪತಿ, ಬೆಂಗಳೂರು

ಊಟದ ಚಿಂತೆ ಬಿಡಿ. ಮೊದಲೇ ಹೇಳಿದರೆ ಅಡುಗೆಯವರು ತರಕಾರಿ ಸೂಪು, ಅನ್ನ, ಚಪಾತಿ, ಬೀನ್ಸ್, ಬೆಳಗ್ಗೆ ಗಂಜಿ ಮಾಡಿಕೊಡುತ್ತಾರೆ. ತೊಂದರೆ ಏನೆಂದರೆ 4,000 ದಾಟಿದ ಮೇಲೆ ನಿಮಗೇ ಏನೂ ಸೇರುವುದಿಲ್ಲ. ಆಗ ಚಟ್ನಿಪುಡಿ, ನಿಂಬೆ ಉಪ್ಪಿನಕಾಯಿ ಜೀವ ಉಳಿಸುತ್ತವೆ. ಅವಲಕ್ಕಿ ಒಯ್ಯಿರಿ. ಮೇಲೆ ಒತ್ತಡ ಕಡಿಮೆ ಆದ್ದರಿಂದ ನೀರು 85 ಡಿಗ್ರಿಯ ಹತ್ತಿರವೇ ಕುದಿಯುತ್ತದೆ, ಅನ್ನ ಬೇಳೆ ಬೇಯುವುದು ಕಷ್ಟ, ಅವಲಕ್ಕಿಗೆ ಬಿಸಿನೀರು ಸಾಕು. ದಿನಕ್ಕೆ ಮೂರು ಲೀಟರ್ ನೀರು ಕುಡಿಯಿರಿ.

ಟಿಪ್ಸ್ ಕೊಡಲೇಬೇಕು. ನಿಮ್ಮ ಟೆಂಟು, ನೀರು, ಸಿಲಿಂಡರ್ ಹೊತ್ತು, ನಿಮಗಿಂತ ಮುಂಚೆ ಹೋಗಿ, ನೀವು ಬರುವಷ್ಟರಲ್ಲಿ ಚಹಾ ಕಾಯಿಸಿ ಇಟ್ಟಿರುವವರು ಅವರು. ಇಬ್ಬರು ಹೋದರೂ ಏಳೆಂಟು ಜನ ಹೊರುವವರು ಬೇಕಾಗುತ್ತಾರೆ. ಒಬ್ಬರ ಹೊರೆಗೆ 20 ಕೆ.ಜಿ. ಮಿತಿ ಇದೆ, ಗೇಟಿನಲ್ಲಿ ತೂಗುತ್ತಾರೆ. ಅವರ ಸಂಬಳಕ್ಕೆ ಈ ಹಣ ಮುಖ್ಯವಾದ ಭಾಗ, ಬಜೆಟ್ಟಿನಲ್ಲೇ ಸೇರಿಸಿಕೊಂಡು ಹೋಗಿ. ಸಾವಿರಾರು ಡಾಲರ್ ಖರ್ಚು ಮಾಡಿ ಕೊನೆಯ ದಿನ ಅಲ್ಲಿ ತರಕಾರಿ ಮಾರ್ಕೆಟ್ಟಿನ ಚೌಕಾಸಿಗೆ ನಿಲ್ಲುವ ನಮ್ಮವರನ್ನು ನೋಡಿ ನನಗೆ ನಾಚಿಕೆಯಾಗಿದೆ.

*ಹೋದ ವರ್ಷ ಹೋಗಿದ್ದೆ. ಕೊನೆಯ ರಾತ್ರಿ 5,300 ಮೀಟರಿನ ಹತ್ತಿರ ಗೈಡ್ ನನ್ನನ್ನು ನಿಲ್ಲಿಸಿ ವಾಪಸ್ ಇಳಿಸಿಬಿಟ್ಟ. ನನಗೆ ಏನೂ ಆಗಿರಲಿಲ್ಲ, ಸ್ವಲ್ಪ ಓಲಾಡುತ್ತಿದ್ದೆ ಅಷ್ಟೇ. ಕೆಳಗೆ ಬಂದು ಎರಡು ಮೂರು ಗಂಟೆಯಲ್ಲಿ ಸರಿಹೋದೆ. ಆಫೀಸಿನಲ್ಲಿ ಎಲ್ಲರಿಗೂ ಹೇಳಿಕೊಂಡು ಹೋಗಿದ್ದೆ, ಈಗ ಮುಖ ತೋರಿಸಲು ಆಗುತ್ತಿಲ್ಲ. ಗೈಡ್ ಮೇಲೆ ಇನ್ನೂ ಸಿಟ್ಟಿದೆ. ಐದು ದಿನ ನಡೆದದ್ದು ನೀರಿನಲ್ಲಿ ಹೋಮ ಮಾಡಿದಂತಾಯಿತು.*
— ಓದುಗ, ಉಡುಪಿ

ನಿಮ್ಮ ಪತ್ರವನ್ನು ಎರಡು ಸಲ ಓದಿದೆ. "ಓಲಾಡುತ್ತಿದ್ದೆ ಅಷ್ಟೇ" ಅಂದಿರಲ್ಲ, ಆ "ಅಷ್ಟೇ" ಓದಿ ಎದೆ ಝಲ್ಲೆಂದಿತು.

ತಲೆನೋವು, ವಾಕರಿಕೆ, ಸುಸ್ತು, ಇವು ಎತ್ತರದಲ್ಲಿ ಬರುತ್ತವೆ ಹೋಗುತ್ತವೆ. ಅಲ್ಲೇ ನಿಂತು ವಿಶ್ರಾಂತಿ ತಗೊಂಡರೆ ಹೆಚ್ಚಿನವರಿಗೆ ಒಂದೆರಡು ದಿನದಲ್ಲಿ ಕಡಿಮೆಯಾಗುತ್ತದೆ. ಹೆಜ್ಜೆ ತಪ್ಪುವುದು ಬೇರೆ. ಅದು ಮಿದುಳು ಊದಿಕೊಳ್ಳುತ್ತಿರುವ ಗುರುತು. ಆಮೇಲೆ ಮಾತು ತೊದಲುತ್ತದೆ, ಗೊಂದಲ, ಜೋಂಪು, ಇಳಿಸದಿದ್ದರೆ ಪ್ರಜ್ಞೆ ತಪ್ಪಿ ಒಂದು ದಿನದೊಳಗೆ ಜೀವಕ್ಕೇ ಬರಬಹುದು. ಗೈಡುಗಳು ನೆಲದ ಮೇಲೆ ಗೆರೆ ಎಳೆದು, ಒಂದು ಕಾಲಿನ ಹಿಮ್ಮಡಿಗೆ ಇನ್ನೊಂದರ ಬೆರಳು ತಾಗಿಸಿಕೊಂಡು ನಡೆಯಿರಿ ಅನ್ನುತ್ತಾರಲ್ಲ, ಅದು ಇದನ್ನು ನೋಡಲು. ಪುಪ್ಪಸಕ್ಕೆ ನೀರು ತುಂಬುವ ಇನ್ನೊಂದು ಬಗೆಯೂ ಇದೆ. ಸುಮ್ನೆ ಕೂತಾಗಲೂ ಏದುಸಿರು, ಬಿಡದ ಕೆಮ್ಮು, ಕೊನೆಗೆ ಕೆಂಪು ನೊರೆ. ಎರಡಕ್ಕೂ ಮೊದಲ ಔಷಧಿ ಒಂದೇ, ಆ ಕ್ಷಣವೇ ಕೆಳಗಿಳಿಯುವುದು. ಬೆಳಗಾಗಲಿ, ಉಳಿದವರು ತುದಿ ಮುಟ್ಟಿ ಬರಲಿ ಅಂತ ಕಾಯುವ ಹಾಗಿಲ್ಲ. ಗೈಡುಗಳ ಹತ್ತಿರ ಆಮ್ಲಜನಕ, ಮಿದುಳಿನ ಊತ ಇಳಿಸುವ ಡೆಕ್ಸಾಮೆಥಾಸೋನ್ ಔಷಧಿ ಇದ್ದರೂ ಅವು ಇಳಿಯುವುದಕ್ಕೆ ಸಹಾಯ ಮಾಡುವಂಥವು, ಇಳಿಯುವುದನ್ನು ತಪ್ಪಿಸುವಂಥವಲ್ಲ.

ಈ ಕಾಯಿಲೆಯ ಕೆಟ್ಟ ಗುಣ ಏನೆಂದರೆ, ಕೆಡುವುದು ಮಿದುಳೇ ಆದ್ದರಿಂದ ಕೆಟ್ಟಿದೆ ಅಂತ ಆ ಮನುಷ್ಯನಿಗೆ ಗೊತ್ತಾಗುವುದಿಲ್ಲ. ಕುಡಿದವನು ನನಗೇನೂ ಆಗಿಲ್ಲ, ಗಾಡಿ ನಾನೇ ಓಡಿಸುತ್ತೇನೆ ಅನ್ನುತ್ತಾನಲ್ಲ, ಹಾಗೆ. ನಿಮಗೆ ಏನೂ ಆಗಿರಲಿಲ್ಲ ಅನ್ನುವುದು ನಿಮ್ಮ ನೆನಪು. ಆ ರಾತ್ರಿ ನಿಮ್ಮ ಕಾಲನ್ನು ಹಿಂದಿನಿಂದ ನೋಡುತ್ತಿದ್ದದ್ದು ಗೈಡ್. ಇಳಿದ ಕೂಡಲೇ ಸರಿಹೋದೆ ಅಂತ ಬರೆದಿದ್ದೀರಿ, ಆತ ಸರಿಯಾದ ಹೊತ್ತಿಗೆ ಇಳಿಸಿದ ಅನ್ನುವುದಕ್ಕೆ ಅದೇ ಸಾಕ್ಷಿ. ತಡವಾಗಿದ್ದರೆ ಅಷ್ಟು ಬೇಗ ಸರಿಹೋಗುತ್ತಿರಲಿಲ್ಲ.

ಇನ್ನು ಆಫೀಸು. ಎದುರಿಗಿರುವವರಲ್ಲಿ 5,300 ಮೀಟರ್ ಕಂಡವರು ಎಷ್ಟು ಜನ ಇದ್ದಾರೆ ಹೇಳಿ? ಕರಾವಳಿಯಲ್ಲಿ, ಸಮುದ್ರದ ಮಟ್ಟದಲ್ಲಿ ಬೆಳೆದವರು ನೀವು. 1889ರಲ್ಲಿ ಈ ಬೆಟ್ಟದ ತುದಿಯನ್ನು ಮೊಟ್ಟಮೊದಲು ಮುಟ್ಟಿದ ಜರ್ಮನಿಯ ಹಾನ್ಸ್ ಮೇಯರ್ ಕೂಡ ಅದಕ್ಕೆ ಮುಂಚೆ 1887ರಲ್ಲಿ ಹೋಗಿ ತುದಿ ಸಿಗದೆ ವಾಪಸ್ ಬಂದವನೇ. ಆತನಿಗೂ ಯಾರೋ ಏನೋ ಅಂದಿರಬೇಕು.

ಮತ್ತೆ ಹೋಗುವುದಾದರೆ, ಮೊದಲು ಡಾಕ್ಟರಿಗೆ ಈ ಕಥೆ ಪೂರ್ತಿ ಹೇಳಿ, "ಅಷ್ಟೇ" ಬಿಟ್ಟು. ಒಂದು ಸಲ ಹೀಗಾದವರು ಇನ್ನೊಂದು ಸಲ ಇನ್ನೂ ನಿಧಾನವಾಗಿ ಹತ್ತಬೇಕು, ಎಂಟು ದಿನಕ್ಕೆ ಕಡಿಮೆ ಇಲ್ಲದೆ. ಜನವರಿ, ಫೆಬ್ರವರಿ ಅಥವಾ ಜೂನ್‌ನಿಂದ ಅಕ್ಟೋಬರ್ ಒಳ್ಳೆಯ ಕಾಲ, ಮಾರ್ಚ್ ಕೊನೆಯಿಂದ ಮೇ ಪೂರ್ತಿ ಮಳೆ. ಗೈಡಿನ ನಂಬರ್ ಇನ್ನೂ ಇಟ್ಟುಕೊಂಡಿದ್ದರೆ, ಆತನೇ ಬರುತ್ತಾನಾ ಅಂತ ಕೇಳಿ ನೋಡಿ.